ಕೊರೊನಾ ಕಾಲದ ಗಾರ್ಮೆಂಟ್ಸ್: ನಾನೂರ ಹದಿನೇಳು ರೂಪಾಯಿ ಎಲ್ಲಿ ನಿಂತಿತ್ತು?

ನಮ್ಮ ಬೀದಿಯ ಕೊನೇ ಮನೆಯ ಅಕ್ಕ ಬಹಳ ವರ್ಷದಿಂದ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಬೆಳಿಗ್ಗೆ ಅರಳಿಕಟ್ಟೆ ಹತ್ತಿರ ಬರುವ ಕಂಪನಿ ಬಸ್ಸಿಗೆ ಟಿಫನ್ ಡಬ್ಬಿ ಹಿಡಿದು ಹತ್ತಿದರೆ, ಇಳಿಯುವುದು ದೀಪ ಹಚ್ಚುವ ಹೊತ್ತಿಗೆ. ಅಂಗಿಗೆ ಕಾಲರ್ ಕೂರಿಸುವುದು ಅವರ ಕೆಲಸ. ಅವರು ಹೊಲಿದ ಅಂಗಿಯನ್ನು ತೊಡುವವರನ್ನು ಅವರು ನೋಡಿಲ್ಲ. ಅಂಗಿಯ ಬೆಲೆಯನ್ನು ಮಾತ್ರ ಟ್ಯಾಗ್‌ನಲ್ಲಿ ನೋಡಿದ್ದಾರೆ.

2020ರಲ್ಲಿ ಕೆಲಸ ಮತ್ತೆ ಶುರುವಾದ ಮೇಲೆ ಒಂದು ದಿನ ಸಂಬಳದ ಚೀಟಿ ಹಿಡಿದು ಮನೆಗೆ ಬಂದರು. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಏರಬೇಕಿದ್ದ ಡಿಎ ಏರಿರಲಿಲ್ಲ. ಕೇಳಿದ್ದಕ್ಕೆ ಸರ್ಕಾರವೇ ಮುಂದಕ್ಕೆ ಹಾಕಿದೆ ಅಂದರಂತೆ. ಅಕ್ಕ ನನ್ನ ಮುಖ ನೋಡಿ ಕೇಳಿದರು:

"ನೀನು ಪೇಪರ್‌ನೋನು ಅಲ್ವಾ ತಮ್ಮ. ಜಾಸ್ತಿ ಮಾಡೋರೂ ಅವ್ರೇ, ಕೊಡಬ್ಯಾಡಿ ಅನ್ನೋರೂ ಅವ್ರೇ. ಇದ್ಯಾವ ಕಾನೂನು?"

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ದಿನಕ್ಕೆ ಎಷ್ಟು ಕೇಸು, ಎಷ್ಟು ಸಾವು ಅಂತ ಲೆಕ್ಕ ಕಳಿಸುವುದರಲ್ಲೇ ನಾನು ಮುಳುಗಿದ್ದೆ. ಅಕ್ಕ ಕೇಳಿದ ಪ್ರಶ್ನೆ ಸಣ್ಣದಲ್ಲ ಎಂದು ಗೊತ್ತಾಗಿದ್ದು ಆಮೇಲೆ. ಲಂಡನ್ನಿನ ಅಂಗಡಿ, ಢಾಕಾದ ಕಾರ್ಖಾನೆ, ದಿಲ್ಲಿಯ ಸುಪ್ರೀಂ ಕೋರ್ಟು, ನಮ್ಮ ಶ್ರೀರಂಗಪಟ್ಟಣದ ಒಂದು ಗೇಟು, ಎಲ್ಲ ಕಡೆಯೂ ಆಗ ಇದೇ ಜಗಳ ನಡೆದಿತ್ತು. ರೋಗದಿಂದ ಆದ ನಷ್ಟವನ್ನು ಯಾರು ಹೊರಬೇಕು? ಕಾನೂನು ಅದನ್ನು ಯಾರ ತಲೆಗೆ ಕಟ್ಟುತ್ತದೆ?

ಹಳೇ ರೋಗ, ಹಳೇ ಕಾಯ್ದೆ

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ನಮ್ಮ ಕಡೆ ಊರಾಚೆ ಇರುವ ಪ್ಲೇಗಮ್ಮನ ಗುಡಿಗಳು ಆ ಕಾಲದ ಗುರುತು. ಬ್ರಿಟಿಷ್ ಸರ್ಕಾರ 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ನಾಲ್ಕೇ ಸೆಕ್ಷನ್ನಿನ ಪುಟ್ಟ ಕಾಯ್ದೆ. ಮನೆ ತಪಾಸಣೆ ಮಾಡಬಹುದು, ಪ್ರಯಾಣಿಕರನ್ನು ತಡೆಯಬಹುದು, ಮಾತು ಕೇಳದವರಿಗೆ ಶಿಕ್ಷೆ ಕೊಡಬಹುದು. ಕೂಲಿಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ಆಗ ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಕೆಲಸ ಮಾಡುತ್ತಿದ್ದವರು ರೋಗಕ್ಕೆ ಹೆದರಿ ಗುಂಪು ಗುಂಪಾಗಿ ತಮ್ಮ ಹಳ್ಳಿಗಳಿಗೆ ಹೊರಟರು. ಗಿರಣಿಗಳಲ್ಲಿ ಆಳಿಲ್ಲದಂತಾಯಿತು. ತಿಂಗಳ ಕೂಲಿಯನ್ನು ವಾರಗಟ್ಟಲೆ ತಡೆದು ಕೊಡುತ್ತಿದ್ದ ಮಾಲೀಕರು, ಉಳಿದವರನ್ನು ಹಿಡಿದಿಟ್ಟುಕೊಳ್ಳಲು ಅಂದಂದಿನ ಕೂಲಿ ಅಂದಂದೇ ಕೊಡಬೇಕಾಯಿತು. ಕಾನೂನು ಸುಮ್ಮನಿದ್ದರೂ ಕೆಲಸಗಾರರ ಕೊರತೆಯೇ ಅವರ ಪರವಾಗಿ ಮಾತಾಡಿತು.

2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕೊರೊನಾ ನಿಯಮಗಳನ್ನು ಹೊರಡಿಸಿದ್ದೂ ಇದೇ 1897ರ ಕಾಯ್ದೆಯ ಕೆಳಗೆ. ಆಮೇಲೆ ರಾಜ್ಯ ತನ್ನದೇ ಹೊಸ ಕಾಯ್ದೆ ಮಾಡಿಕೊಂಡಿತು. ಆದರೆ ಈ ಸಲ ಲೆಕ್ಕ ತಿರುಗಿತ್ತು. ಅವತ್ತು ಕೆಲಸ ಇತ್ತು, ಜನ ಇರಲಿಲ್ಲ. ಈಗ ಜನ ಇದ್ದರು, ಕೆಲಸ ಇರಲಿಲ್ಲ.

ನಮ್ಮ ಕಡೆಗೆ ಗಾರ್ಮೆಂಟ್ಸ್ ಬಂದ ಬಗೆ

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ಹಾಸನ, ತುಮಕೂರು, ದೊಡ್ಡಬಳ್ಳಾಪುರ. ಇಲ್ಲೆಲ್ಲ ಇಷ್ಟೊಂದು ಹೊಲಿಗೆ ಮಿಷನ್ನುಗಳು ಬಂದಿದ್ದು ಹೇಗೆ? ಯಾವ ದೇಶದಿಂದ ಎಷ್ಟು ಬಟ್ಟೆ ತರಿಸಿಕೊಳ್ಳಬಹುದು ಎಂದು ಅಮೆರಿಕ, ಯುರೋಪಿನವರು ಮೊದಲು ಕೋಟಾ ಇಟ್ಟಿದ್ದರು. ಆ ಪದ್ಧತಿ 2005ರ ಜನವರಿ 1ಕ್ಕೆ ಮುಗಿಯಿತು. ಅಲ್ಲಿಂದ ಯಾರು ಕಡಿಮೆ ಬೆಲೆಗೆ, ಬೇಗ ಹೊಲಿದು ಕೊಡುತ್ತಾರೋ ಅವರಿಗೆ ಆರ್ಡರ್. ಬೆಂಗಳೂರಿನಲ್ಲಿ ಬಾಡಿಗೆ, ಕೂಲಿ ಎರಡೂ ಏರುತ್ತಿದ್ದವು. ಕಂಪನಿಗಳು ಹೆದ್ದಾರಿ ಹಿಡಿದು ನಮ್ಮ ಕಡೆ ಬಂದವು. ಮಳೆ ನಂಬಿದ ಮನೆಗಳಿಗೆ ತಿಂಗಳಿಗೊಮ್ಮೆ ಸಂಬಳ, ಪಿಎಫ್, ಇಎಸ್‌ಐ ಕಾರ್ಡು ಸಿಕ್ಕಿತು. ಮಕ್ಕಳ ಫೀಸು, ಸಂಘದ ಸಾಲದ ಕಂತು, ಮನೆಯ ಶೀಟು ಎಲ್ಲ ಆ ದುಡ್ಡಿನಲ್ಲೇ ನಡೆಯತೊಡಗಿತು.

ಈ ವ್ಯಾಪಾರದ ಒಂದು ಗುಟ್ಟು ಗೊತ್ತಿರಬೇಕು. ವಿದೇಶದ ಬ್ರ್ಯಾಂಡಿಗೆ ಸಾಮಾನ್ಯವಾಗಿ ಸ್ವಂತ ಕಾರ್ಖಾನೆ ಇರುವುದಿಲ್ಲ. ಆರ್ಡರ್ ಕೊಡುತ್ತದೆ ಅಷ್ಟೆ. ಬಟ್ಟೆ, ದಾರ, ಗುಂಡಿ, ಜಿಪ್ಪು ಎಲ್ಲವನ್ನೂ ಇಲ್ಲಿನ ಕಾರ್ಖಾನೆಯವರೇ ಸಾಲ ಸೋಲ ಮಾಡಿ ತರುತ್ತಾರೆ. ಹೊಲಿಸುವ ಕೂಲಿಯನ್ನೂ ಅವರೇ ಮೊದಲು ಕೊಡುತ್ತಾರೆ. ಮಾಲು ಹಡಗು ಹತ್ತಿದ ವಾರಗಳ ಮೇಲೆ, ಕೆಲವೊಮ್ಮೆ ತಿಂಗಳುಗಳ ಮೇಲೆ ಹಣ ಬರುತ್ತದೆ. ಕಬ್ಬು ಬೆಳೆದು ಫ್ಯಾಕ್ಟರಿಗೆ ಸಾಗಿಸಿ, ಬಿಲ್ಲಿಗೆ ಕಾಯುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಗಿಯ ಮೇಲೆ ಯಾರದೋ ಹೆಸರು, ಅದರ ಒಳಗೆ ಇನ್ಯಾರದೋ ಸಾಲ.

ಒಂದು ಈಮೇಲ್, ಒಂದು ಕಂಡಿಕೆ

2020ರ ಮಾರ್ಚ್‌ನಲ್ಲಿ ಯುರೋಪ್, ಅಮೆರಿಕದ ಅಂಗಡಿಗಳು ಬಾಗಿಲು ಹಾಕಿದವು. ಬ್ರ್ಯಾಂಡುಗಳಿಂದ ಕಾರ್ಖಾನೆಗಳಿಗೆ ಈಮೇಲ್ ಬರತೊಡಗಿದವು: ಆರ್ಡರ್ ರದ್ದು, ಅಥವಾ ಸದ್ಯಕ್ಕೆ ತಡೆ, ಅಥವಾ ಇಷ್ಟು ರಿಯಾಯಿತಿ ಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತೇವೆ. ಹೊಲಿದು ಪ್ಯಾಕ್ ಮಾಡಿದ ಮಾಲೂ ರದ್ದಾಯಿತು.

ಪೆಟ್ಟು ಹೆಚ್ಚು ಬಿದ್ದಿದ್ದು ಬಾಂಗ್ಲಾದೇಶಕ್ಕೆ. ರದ್ದಾದ, ತಡೆಹಿಡಿದ ಆರ್ಡರುಗಳ ಮೊತ್ತ 300 ಕೋಟಿ ಡಾಲರ್ ದಾಟಿದೆ ಎಂದು ಅಲ್ಲಿನ ಗಾರ್ಮೆಂಟ್ಸ್ ಮಾಲೀಕರ ಸಂಘವೇ ಲೆಕ್ಕ ಕೊಟ್ಟಿತು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಆನರ್ ಅದೇ ಮಾರ್ಚ್‌ನಲ್ಲಿ ಬಾಂಗ್ಲಾದ ಕಾರ್ಖಾನೆಯವರನ್ನು ವಿಚಾರಿಸಿ ವರದಿ ಬರೆದರು. ಆರ್ಡರ್ ರದ್ದಾದಾಗ, ಅದಕ್ಕೆಂದೇ ತಂದಿಟ್ಟ ಬಟ್ಟೆಯ ದುಡ್ಡನ್ನು ಕೊಡಲು 72.1% ಖರೀದಿದಾರರು ಒಪ್ಪಲಿಲ್ಲ. ಕತ್ತರಿಸಿ ಹೊಲಿದ ಕೆಲಸದ ಖರ್ಚು ಕೊಡಲು 91.3% ಜನ ಒಪ್ಪಲಿಲ್ಲ.

ಒಪ್ಪಂದ ಮಾಡಿಕೊಂಡ ಮೇಲೆ ಹೀಗೆ ಕೈ ಎತ್ತಬಹುದೇ? ದೊಡ್ಡ ವ್ಯಾಪಾರದ ಒಪ್ಪಂದಗಳಲ್ಲಿ ಫೋರ್ಸ್ ಮೆಜೂರ್ ಎಂಬ ಒಂದು ಕಂಡಿಕೆ ಇರುತ್ತದೆ. ಯುದ್ಧ, ಭೂಕಂಪ, ಪ್ರವಾಹದಂತಹ, ಮನುಷ್ಯರ ಕೈ ಮೀರಿದ ವಿಪತ್ತು ಬಂದರೆ ಕೊಟ್ಟ ಮಾತು ನಡೆಸದಿದ್ದರೂ ತಪ್ಪಿಲ್ಲ ಎನ್ನುವುದು ಅದರ ಸಾರ. ಈ ಒಪ್ಪಂದಗಳನ್ನು ಬರೆಯುವವರು ಬಹುಮಟ್ಟಿಗೆ ಖರೀದಿದಾರರೇ. ಜಗಳವಾದರೆ ಯಾವ ದೇಶದ ಕೋರ್ಟಿನಲ್ಲಿ ತೀರ್ಮಾನ ಎನ್ನುವುದನ್ನೂ ಅವರೇ ಬರೆದಿರುತ್ತಾರೆ. ಕೊರೊನಾ ಕೈ ಮೀರಿದ ವಿಪತ್ತು ಎಂದು ಒಂದು ಸಾಲು ಬರೆದರೆ, ನಷ್ಟ ಸಮುದ್ರ ದಾಟಿ ಈ ಕಡೆಗೆ ಬರುತ್ತಿತ್ತು.

ಕೆಲವು ಕಂಪನಿಗಳು ದಿವಾಳಿಯೇ ಎದ್ದವು. ಅಮೆರಿಕದಲ್ಲಿ ಮೇ ತಿಂಗಳಲ್ಲಿ ಜೆ.ಕ್ರೂ, ಜೆ.ಸಿ. ಪೆನ್ನಿ, ಜುಲೈನಲ್ಲಿ ಬ್ರೂಕ್ಸ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿದವು. ನವೆಂಬರ್‌ನಲ್ಲಿ ಇಂಗ್ಲೆಂಡಿನ ಆರ್ಕೇಡಿಯಾ ಕುಸಿಯಿತು. ದಿವಾಳಿ ಕಾನೂನಿನಲ್ಲಿ ಒಂದು ಸಾಲು ಇರುತ್ತದೆ. ಆಸ್ತಿ ಅಡವಿಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕಿನವರು ಮೊದಲು. ಮಾಲು ಕೊಟ್ಟು ಬಿಲ್ಲಿಗೆ ಕಾಯುವವರು ಹೆಚ್ಚಾಗಿ ಹಿಂದೆ. ಆ ಮಾಲು ಹೊಲಿದವರಿಗೆ ಆ ಸಾಲಿನಲ್ಲಿ ಜಾಗವೇ ಇಲ್ಲ. ಅವರು ಬೇರೆ ದೇಶದ, ಬೇರೆ ಕಂಪನಿಯ ಕೆಲಸಗಾರರು.

ಇನ್ನೊಂದು ಪ್ರಕರಣವನ್ನು ಪಕ್ಕದಲ್ಲಿಟ್ಟು ನೋಡಿ. ಗ್ಯಾಪ್ ಎಂಬ ದೊಡ್ಡ ಬ್ರ್ಯಾಂಡು ಲಾಕ್‌ಡೌನ್ ತಿಂಗಳುಗಳಲ್ಲಿ ಅಂಗಡಿ ಬಾಡಿಗೆ ಕಟ್ಟಲಿಲ್ಲ. ಮಾಲ್‌ಗಳ ಒಡೆಯ ಸೈಮನ್ ಪ್ರಾಪರ್ಟಿ ಗ್ರೂಪ್ 2020ರ ಜೂನ್‌ನಲ್ಲೇ ಸುಮಾರು 6.6 ಕೋಟಿ ಡಾಲರ್ ಕೇಳಿ ಕೋರ್ಟಿಗೆ ಹೋಯಿತು. ಗ್ಯಾಪ್ ಕೂಡ ಕೋರ್ಟಿನಲ್ಲೇ ಎದುರು ನಿಂತಿತು. ಮನೆ ಮಾಲೀಕ, ಬಾಡಿಗೆದಾರ ಇಬ್ಬರಿಗೂ ವಕೀಲರಿದ್ದರು, ದಾಖಲೆಯಿತ್ತು, ಒಂದೇ ದೇಶದ ಕೋರ್ಟಿತ್ತು. ಆದರೆ ಆರ್ಡರ್ ಕಳೆದುಕೊಂಡ ಕಾರ್ಖಾನೆಗಳಲ್ಲಿ ಬ್ರ್ಯಾಂಡಿನ ಮೇಲೆ ಕೇಸು ಹಾಕುವ ಧೈರ್ಯ ಮಾಡಿದವರು ಬಹಳ ಕಡಿಮೆ. ಕೇಸು ಹಾಕಿದರೆ ಮುಂದಿನ ಆರ್ಡರ್ ಬರುವುದಿಲ್ಲವಲ್ಲ! ಕೊನೆಗೆ ಹಲವು ಬ್ರ್ಯಾಂಡುಗಳು ಹಣ ಕೊಡಲು ಒಪ್ಪಿದ್ದು ಕೋರ್ಟಿನ ತೀರ್ಪಿನಿಂದಲ್ಲ. 'ಪೇ ಅಪ್' ಎಂಬ ಹೆಸರಿನಲ್ಲಿ ಜಗತ್ತಿನ ಉದ್ದಕ್ಕೂ ಕೊಳ್ಳುವವರು, ಕಾರ್ಮಿಕ ಸಂಘಟನೆಗಳು ನಡೆಸಿದ ಪ್ರಚಾರಕ್ಕೆ ಮಣಿದು.

ಸಂಬಳದ ಆದೇಶ, ಐವತ್ತು ದಿನ

ಈಗ ನಮ್ಮ ದೇಶಕ್ಕೆ ಬರೋಣ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಒಂದು ಆದೇಶ ಹೊರಡಿಸಿತು. ಲಾಕ್‌ಡೌನ್ ಕಾಲದಲ್ಲಿ ಬಾಗಿಲು ಹಾಕಿದ್ದರೂ ಕೆಲಸಗಾರರಿಗೆ ಪೂರ್ತಿ ಸಂಬಳ ಕೊಡಬೇಕು, ಕಡಿತ ಮಾಡುವಂತಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಬಲದ ಮೇಲೆ ಬಂದ ಆದೇಶ ಅದು. ಟಿವಿಯಲ್ಲಿ ಅದನ್ನು ನೋಡಿ ನಮ್ಮೂರಲ್ಲಿ ಎಷ್ಟೋ ಜನ ನಿಟ್ಟುಸಿರು ಬಿಟ್ಟರು.

ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ವರಮಾನವೇ ಇಲ್ಲದಾಗ ಸಂಬಳ ಎಲ್ಲಿಂದ ತರೋಣ, ಸರ್ಕಾರ ತಾನು ಒಂದು ರೂಪಾಯಿ ಹಾಕದೆ ಭಾರವನ್ನೆಲ್ಲ ನಮ್ಮ ಮೇಲೆ ಹೊರಿಸುವುದು ಯಾವ ನ್ಯಾಯ ಎಂಬುದು ಅವರ ವಾದ. ಸಣ್ಣ ಕಾರ್ಖಾನೆಗಳ ಮಟ್ಟಿಗೆ ಆ ಮಾತಿನಲ್ಲಿ ಸತ್ಯವೂ ಇತ್ತು. ಮೇ 18ರಿಂದ ಸರ್ಕಾರವೇ ಆ ಆದೇಶವನ್ನು ಕೈಬಿಟ್ಟಿತು. ಜೂನ್ 12ರಂದು ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು: ಸಂಬಳ ಕೊಡದ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಆ ಸುಮಾರು ಐವತ್ತು ದಿನಗಳ ಸಂಬಳವನ್ನು ಮಾಲೀಕರು, ಕೆಲಸಗಾರರು ಕೂತು ಮಾತಾಡಿ ಬಗೆಹರಿಸಿಕೊಳ್ಳಲಿ.

ಕೂತು ಮಾತಾಡುವುದು ಒಳ್ಳೆಯದೇ. ಆದರೆ ಮಾತಾಡಲು ಎರಡು ಕಡೆಯೂ ಒಂದು ಮಟ್ಟದಲ್ಲಿ ಇರಬೇಕು. ಸಂಘ ಇದ್ದ ಕಡೆ ಮಾತುಕತೆ ನಡೆಯಿತು. ಸಂಘ ಇಲ್ಲದ ಕಡೆ ಸೂಪರ್‌ವೈಸರ್ ಹೇಳಿದ್ದೇ ಒಪ್ಪಂದ.

ಹತ್ತು ಗಂಟೆಯ ದಿನ

ಮೇ 22ರಂದು ಕರ್ನಾಟಕ ಸರ್ಕಾರ ಕಾರ್ಖಾನೆಗಳ ಕೆಲಸದ ಅವಧಿಯನ್ನು ಹಿಗ್ಗಿಸಿತು. 1948ರ ಕಾರ್ಖಾನೆ ಕಾಯ್ದೆಯಂತೆ ಆಗ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಇತ್ತು. ಅದನ್ನು ಮೂರು ತಿಂಗಳ ಮಟ್ಟಿಗೆ ದಿನಕ್ಕೆ 10, ವಾರಕ್ಕೆ 60 ಗಂಟೆ ಮಾಡಿದರು. ಕಾಯ್ದೆಯ 5ನೇ ಸೆಕ್ಷನ್ 'ಸಾರ್ವಜನಿಕ ತುರ್ತು ಪರಿಸ್ಥಿತಿ'ಯಲ್ಲಿ ವಿನಾಯಿತಿ ಕೊಡಲು ಅವಕಾಶ ಕೊಡುತ್ತಿತ್ತು. ಅದನ್ನೇ ಸರ್ಕಾರ ಹಿಡಿದುಕೊಂಡಿತು. ಇದು ಹೈಕೋರ್ಟಿಗೆ ಹೋಯಿತು. ಇಲ್ಲಿ ತುರ್ತು ಪರಿಸ್ಥಿತಿ ಎಲ್ಲಿದೆ ಎಂಬ ಪ್ರಶ್ನೆ ಎದುರಾದ ಮೇಲೆ ಜೂನ್ 11ರಂದು ಸರ್ಕಾರ ಅಧಿಸೂಚನೆಯನ್ನು ವಾಪಸ್ ಪಡೆಯಿತು.

ಗುಜರಾತ್ ಸರ್ಕಾರ ಇನ್ನೂ ಮುಂದೆ ಹೋಗಿತ್ತು. ಅವಧಿ ಹಿಗ್ಗಿಸಿದ್ದಲ್ಲದೆ ಓವರ್‌ಟೈಮಿಗೆ ಎರಡು ಪಟ್ಟು ಕೂಲಿ ಕೊಡಬೇಕಿಲ್ಲ ಎಂದಿತ್ತು. 2020ರ ಅಕ್ಟೋಬರ್ 1ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಅದನ್ನು ರದ್ದು ಮಾಡಿತು. ಕೊರೊನಾದಿಂದ ಆರ್ಥಿಕ ತೊಂದರೆ ಆಗಿರುವುದು ನಿಜ, ಆದರೆ ಅದು ಕಾರ್ಖಾನೆ ಕಾಯ್ದೆ ಹೇಳುವ 'ಸಾರ್ವಜನಿಕ ತುರ್ತು ಪರಿಸ್ಥಿತಿ' ಅಲ್ಲ ಎಂದಿತು. ಆ ಅವಧಿಯ ಓವರ್‌ಟೈಮನ್ನು ನಿಯಮದಂತೆ ಕೊಡಬೇಕು ಎಂದೂ ಹೇಳಿತು.

ಒಂದೇ ರೋಗಕ್ಕೆ ಎಷ್ಟು ಹೆಸರು ನೋಡಿ. ಬ್ರ್ಯಾಂಡಿಗೆ ಅದು ಕೈ ಮೀರಿದ ವಿಪತ್ತು. ರಾಜ್ಯ ಸರ್ಕಾರಗಳಿಗೆ ತುರ್ತು ಪರಿಸ್ಥಿತಿ. ರಾಜ್ಯಗಳಿಗೆ ಕೊಡಬೇಕಾದ ಜಿಎಸ್‌ಟಿ ಪಾಲಿನ ಮಾತು ಬಂದಾಗ ಕೇಂದ್ರ ಹಣಕಾಸು ಸಚಿವರು ಬಳಸಿದ ಪದ 'ಆ್ಯಕ್ಟ್ ಆಫ್ ಗಾಡ್', ಅಂದರೆ ದೇವರ ಆಟ. ಹೆಸರು ಯಾವುದಾದರೂ ಉದ್ದೇಶ ಒಂದೇ: ಕೊಡಬೇಕಾದ್ದನ್ನು ಸದ್ಯಕ್ಕೆ ಕೊಡದಿರುವುದು. ಹೊಲಿಯುವ ಅಕ್ಕನಿಗೆ ಮಾತ್ರ ಸಂಘದ ಕಂತು ಕಟ್ಟಲಾಗದಾಗ ಹೇಳಲು ಇಂಥ ಒಂದು ಪದವೂ ಇರಲಿಲ್ಲ.

ಶ್ರೀರಂಗಪಟ್ಟಣದ ಗೇಟು

ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಯುರೋ ಕ್ಲೋದಿಂಗ್ ಘಟಕವಿತ್ತು. ಸ್ವೀಡನ್ನಿನ ಎಚ್ ಅಂಡ್ ಎಂ ಬ್ರ್ಯಾಂಡಿಗೆ ಹೊಲಿಯುತ್ತಿತ್ತು. 2020ರ ಜೂನ್ ಮೊದಲ ವಾರದಲ್ಲಿ ಅಲ್ಲಿನ 1,200ಕ್ಕೂ ಹೆಚ್ಚು ಕೆಲಸಗಾರರಿಗೆ ಲೇ-ಆಫ್ ಎಂದು ತಿಳಿಸಲಾಯಿತು. ಅವರಲ್ಲಿ ಬಹುಪಾಲು ಹೆಂಗಸರು. ಆರ್ಡರ್ ಇಲ್ಲ ಎಂಬುದು ಕಂಪನಿಯ ಕಾರಣ. ಗಾರ್ಮೆಂಟ್ಸ್ ಕಾರ್ಮಿಕರ ಸಂಘ 'ಗಾಟ್ವು' ಹೇಳಿದ್ದು ಬೇರೆ: ಕಂಪನಿಯ ಬೇರೆ ಘಟಕಗಳು ನಡೆಯುತ್ತಿವೆ, ಸಂಘ ಗಟ್ಟಿಯಾಗಿರುವ ಘಟಕವನ್ನೇ ನಿಲ್ಲಿಸಿದ್ದಾರೆ. ಮಿಷನ್ನುಗಳನ್ನು ಹೊರಗೆ ಸಾಗಿಸುತ್ತಿದ್ದಾರೆ ಎಂಬ ದೂರೂ ಬಂತು. ಕೆಲಸಗಾರರು ಗೇಟಿನ ಮುಂದೆ ಕೂತರು. ಒಂದು ದಿನ, ಎರಡು ದಿನವಲ್ಲ, ವಾರಗಟ್ಟಲೆ ಕೂತರು.

ಅವರು ಹಿಡಿದಿದ್ದು 1947ರ ಕೈಗಾರಿಕಾ ವಿವಾದ ಕಾಯ್ದೆಯ ಐದು-ಬಿ ಅಧ್ಯಾಯವನ್ನು. ನೂರು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಾರ್ಖಾನೆ ಲೇ-ಆಫ್ ಮಾಡಲು, ಜನರನ್ನು ತೆಗೆಯಲು, ಪೂರ್ತಿ ಮುಚ್ಚಲು ಆಗ ಸರ್ಕಾರದ ಮುಂಗಡ ಅನುಮತಿ ಬೇಕಿತ್ತು. ಮುಚ್ಚುವುದಾದರೆ 90 ದಿನ ಮೊದಲೇ ಅರ್ಜಿ ಹಾಕಬೇಕಿತ್ತು. ಲೇ-ಆಫ್ ಎಂದರೆ ತಾತ್ಕಾಲಿಕ, ಆಗ ಅರ್ಧ ಸಂಬಳ ಕೊಡಬೇಕು. ಮುಚ್ಚುವುದು ಎಂದರೆ ಶಾಶ್ವತ, ಆಗ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕು. ಅನುಮತಿ ಎಲ್ಲಿ ಎಂದು ಸಂಘ ಕೇಳಿತು.

ಆ ಕಾಯ್ದೆಯಲ್ಲಿ ಒಂದು ಗಂಟು ಇತ್ತು. ಕರೆಂಟಿನ ಕೊರತೆ ಅಥವಾ ನೈಸರ್ಗಿಕ ವಿಕೋಪದಿಂದ ಲೇ-ಆಫ್ ಮಾಡುವುದಾದರೆ ಮುಂಗಡ ಅನುಮತಿ ಬೇಕಿರಲಿಲ್ಲ. ಹಾಗಾದರೆ ಕೊರೊನಾ ನೈಸರ್ಗಿಕ ವಿಕೋಪವೇ? ಆರ್ಡರ್ ಇಲ್ಲದಿರುವುದು ವಿಕೋಪವೇ, ವ್ಯಾಪಾರದ ನಷ್ಟವೇ? ಲಂಡನ್ನಿನ ಒಪ್ಪಂದದ ಕಂಡಿಕೆಯಲ್ಲಿ ಎದ್ದ ಪ್ರಶ್ನೆಯೇ ವೇಷ ಬದಲಿಸಿಕೊಂಡು ದೇಶದ ಲೇ-ಆಫ್ ಕಾನೂನಿನಲ್ಲೂ ಕೂತಿತ್ತು.

ಇನ್ನೊಂದು ಕಾಗದವೂ ಇತ್ತು. ಎಚ್ ಅಂಡ್ ಎಂ ಮತ್ತು ಕಾರ್ಮಿಕರ ಜಾಗತಿಕ ಒಕ್ಕೂಟ ಇಂಡಸ್ಟ್ರಿಆಲ್ ನಡುವೆ 2015ರಲ್ಲಿ ಒಪ್ಪಂದ ಆಗಿತ್ತು. ತನಗೆ ಮಾಲು ಕೊಡುವ ಕಾರ್ಖಾನೆಗಳಲ್ಲಿ ಸಂಘ ಕಟ್ಟುವ ಹಕ್ಕನ್ನು ಗೌರವಿಸಬೇಕು ಎಂದು ಬ್ರ್ಯಾಂಡು ಅದರಲ್ಲಿ ಮಾತು ಕೊಟ್ಟಿದೆ. ಆ ಒಪ್ಪಂದ ಇದ್ದದ್ದರಿಂದ ಶ್ರೀರಂಗಪಟ್ಟಣದ ಜಗಳ ಸ್ವೀಡನ್ನಿನ ಮೇಜಿನ ಮೇಲೂ ಬಂತು. ನಡುವೆ ಹಲವರು ರಾಜೀನಾಮೆಗೆ ಸಹಿ ಹಾಕಿ ಲೆಕ್ಕ ತೀರಿಸಿಕೊಂಡು ಹೋದರು. ಒತ್ತಾಯದಿಂದ ಸಹಿ ಮಾಡಿಸಿದರು ಎಂಬುದು ಸಂಘದ ದೂರು. ಮನೆಯಲ್ಲಿ ಅಕ್ಕಿ ಮುಗಿದಾಗ ಸಹಿ ಹಾಕಿದವರನ್ನು ತಪ್ಪು ಎನ್ನುವ ಹಾಗೂ ಇಲ್ಲ. ಉಳಿದವರು ಹಟ ಬಿಡಲಿಲ್ಲ.

2021ರ ಆರಂಭದಲ್ಲಿ ಕಂಪನಿ ಮತ್ತು ಸಂಘದ ನಡುವೆ ಒಪ್ಪಂದವಾಯಿತು. ಕೆಲಸ ಕಳೆದುಕೊಂಡವರಿಗೆ ಮತ್ತೆ ಕೆಲಸ ಕೊಡುವುದು, ಸಂಘವನ್ನು ಮಾತುಕತೆಗೆ ಮಾನ್ಯ ಮಾಡುವುದು ಅದರ ಮುಖ್ಯ ಅಂಶ. ಹೊರಗಿದ್ದವರಿಗೆ ಆ ಎಂಟು ತಿಂಗಳು ಸಣ್ಣ ಕಾಲವಲ್ಲ. ಅಷ್ಟರಲ್ಲಿ ಎಷ್ಟೋ ಮನೆಗಳ ಬಂಗಾರ ಅಡವಿಗೆ ಹೋಗಿರುತ್ತದೆ. ಆದರೂ ಕೊರೊನಾ ಕಾಲದಲ್ಲಿ ನಿಂತ ಕಾರ್ಖಾನೆಯವರು ಕೆಲಸವನ್ನು ವಾಪಸ್ ಪಡೆದ ಉದಾಹರಣೆ ಜಗತ್ತಿನಲ್ಲೇ ಕಡಿಮೆ. ಅದು ಆಗಿದ್ದು ನಮ್ಮ ಜಿಲ್ಲೆಯಲ್ಲಿ.

ಅಕ್ಕನ ಚೀಟಿಗೆ ಉತ್ತರ

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಕನಿಷ್ಠ ವೇತನದಲ್ಲಿ ಎರಡು ಭಾಗ: ಮೂಲ ವೇತನ ಮತ್ತು ತುಟ್ಟಿಭತ್ಯೆ ಅಂದರೆ ಡಿಎ. ಅಕ್ಕಿ, ಬೇಳೆ, ಎಣ್ಣೆಯ ಬೆಲೆ ಏರಿದಷ್ಟು ಡಿಎ ಪ್ರತಿ ಏಪ್ರಿಲ್ 1ಕ್ಕೆ ಏರಬೇಕು. ಅದು ಬಡ್ತಿಯಲ್ಲ, ಬಹುಮಾನವೂ ಅಲ್ಲ. ಹೋದ ವರ್ಷದ ಸಂಬಳದಲ್ಲಿ ಬಂದಷ್ಟೇ ಸಾಮಾನು ಈ ವರ್ಷವೂ ಬರಲಿ ಎಂಬ ಲೆಕ್ಕ ಅಷ್ಟೆ.

2020ರ ಏಪ್ರಿಲ್‌ನಲ್ಲಿ ಏರಬೇಕಿದ್ದದ್ದು ತಿಂಗಳಿಗೆ 417 ರೂಪಾಯಿ. ಉದ್ಯಮ ಕಷ್ಟದಲ್ಲಿದೆ ಎಂದು ರಾಜ್ಯ ಸರ್ಕಾರ ಅದನ್ನು 2021ರ ಮಾರ್ಚ್ 31ರವರೆಗೆ ಮುಂದೂಡಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು 1948ರ ಕಾಯ್ದೆ ಹೇಳುವಾಗ, ಸರ್ಕಾರ ಒಂದು ಆದೇಶದಲ್ಲಿ ಅದನ್ನು ತಡೆಯಬಹುದೇ? ಪ್ರಶ್ನೆ ಹೈಕೋರ್ಟಿಗೆ ಹೋಯಿತು. 2020ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಮುಂದೂಡಿಕೆಗೆ ತಡೆ ಕೊಟ್ಟು, ಡಿಎ ಮತ್ತು ಬಾಕಿಯನ್ನು ಕೊಡಬೇಕು ಎಂದಿತು.

ಅಂದರೆ ಅಕ್ಕ ಕೇಳಿದ್ದು ಸರಿಯಾಗಿಯೇ ಇತ್ತು. ಕೋರ್ಟೂ ಅದನ್ನೇ ಕೇಳಿತ್ತು.

ಆದರೆ ದುಡ್ಡು ಬರಲಿಲ್ಲ. ಪ್ರಕರಣ ಇನ್ನೂ ಕೋರ್ಟಿನಲ್ಲಿದೆ ಎಂಬ ನೆಪದಲ್ಲಿ ಕಾರ್ಖಾನೆಗಳು ಸುಮ್ಮನಿದ್ದವು. ಒಂದು ವರ್ಷಕ್ಕೇ ಒಬ್ಬರಿಗೆ 5,004 ರೂಪಾಯಿ ಬಾಕಿ. ರಾಜ್ಯದ ನಾಲ್ಕು ಲಕ್ಷಕ್ಕೂ ಹೆಚ್ಚು ಗಾರ್ಮೆಂಟ್ಸ್ ಕೆಲಸಗಾರರಿಗೆ ಇದು ಬಂದಿಲ್ಲ ಎಂದು ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಸಂಸ್ಥೆ ಲೆಕ್ಕ ಹಾಕಿ, 2021ರ ಕೊನೆಗೆ ಅದು ಲಂಡನ್ನಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ನಿಮ್ಮ ಅಂಗಿ ಹೊಲಿದವರಿಗೆ ಕನಿಷ್ಠ ವೇತನವೂ ಸಿಗುತ್ತಿಲ್ಲವಂತೆ ಎಂದು ಬ್ರ್ಯಾಂಡುಗಳನ್ನು ಅವರ ಊರಿನ ಜನ ಕೇಳತೊಡಗಿದರು. 2022ರ ಆರಂಭದಲ್ಲಿ ದೊಡ್ಡ ಕಂಪನಿಗಳು ಬಾಕಿ ಕೊಡಲು ಶುರು ಮಾಡಿದವು.

ಬೆಂಗಳೂರಿನ ಹೈಕೋರ್ಟಿನ ಮಾತು ಬೆಂಗಳೂರಿನ ಕಾರ್ಖಾನೆಗೆ ಮುಟ್ಟಲು ಲಂಡನ್ ಸುತ್ತಿ ಬರಬೇಕಾಯಿತು. ಒಂದೂವರೆ ವರ್ಷ ಹಿಡಿಯಿತು. ಇದನ್ನು ಗೆಲುವು ಅನ್ನುವುದೋ, ಅವಮಾನ ಅನ್ನುವುದೋ ನೀವೇ ಹೇಳಿ.

ಈಗ ಏನು?

ಆ ಕಾಲದ ಪಾಠದಿಂದ ಕೆಲವು ಕಡೆ ಕಾನೂನು ಬದಲಾಯಿತು. ಕ್ಯಾಲಿಫೋರ್ನಿಯಾ 2021ರಲ್ಲಿ ಹೊಸ ಕಾಯ್ದೆ ತಂದು, ತನ್ನಲ್ಲಿ ಹೊಲಿಯುವವರಿಗೆ ಪೀಸ್ ಲೆಕ್ಕದ ಬದಲು ಗಂಟೆ ಲೆಕ್ಕದ ಕೂಲಿ ಕೊಡಬೇಕು ಎಂದಿತು. ಕೂಲಿ ಬಾಕಿಯಾದರೆ ಹೊಲಿಸಿಕೊಂಡ ಬ್ರ್ಯಾಂಡನ್ನೂ ಹೊಣೆ ಮಾಡಿತು. ಜರ್ಮನಿ ಅದೇ ವರ್ಷ ಮಾಡಿದ ಕಾಯ್ದೆಯಲ್ಲಿ, ಬೇರೆ ದೇಶದಿಂದ ಮಾಲು ತರಿಸುವ ದೊಡ್ಡ ಕಂಪನಿಗಳು ಅಲ್ಲಿನ ಕೆಲಸಗಾರರ ಹಕ್ಕನ್ನೂ ಗಮನಿಸಬೇಕು ಎಂದಿದೆ. ಆರ್ಡರ್ ಕೊಟ್ಟವರಿಗೂ ಹೊಣೆ ಇದೆ ಎಂಬ ಮಾತು ಈಗ ಕಾನೂನಿನ ಭಾಷೆಗೆ ಬಂದಿದೆ.

ನಮ್ಮಲ್ಲಿ ಬೇರೆ ದಿಕ್ಕು. 2020ರ ಸೆಪ್ಟೆಂಬರ್‌ನಲ್ಲಿ, ಕೊರೊನಾ ಜೋರಾಗಿದ್ದಾಗಲೇ, ಸಂಸತ್ತು ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಪಾಸು ಮಾಡಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು. ಮುಂಗಡ ಅನುಮತಿಗೆ ಇದ್ದ ನೂರು ಜನರ ಮಿತಿ ಅದರಲ್ಲಿ ಮುನ್ನೂರಕ್ಕೆ ಏರಿದೆ. ಶ್ರೀರಂಗಪಟ್ಟಣದಂತಹ ದೊಡ್ಡ ಘಟಕಕ್ಕೆ ಇದರಿಂದ ವ್ಯತ್ಯಾಸವಿಲ್ಲ. ಆದರೆ ಹೋಬಳಿ ಮಟ್ಟದಲ್ಲಿ ನೂರೈವತ್ತು, ಇನ್ನೂರು ಮಿಷನ್ ಇಟ್ಟುಕೊಂಡ ಘಟಕಗಳಲ್ಲಿ, ನಾಳೆ ಬಾಗಿಲು ಹಾಕಿದರೆ ಅನುಮತಿ ಎಲ್ಲಿ ಎಂದು ಕೇಳುವ ದಾರಿ ಮುಚ್ಚಿದೆ.

ಹಾಗಾಗಿ ನಿಮ್ಮ ಮನೆಯಲ್ಲಿ ಗಾರ್ಮೆಂಟ್ಸಿಗೆ ಹೋಗುವವರಿದ್ದರೆ ಇಷ್ಟು ಮಾಡಿ. ಸಂಬಳದ ಚೀಟಿ ಬಿಸಾಡಬೇಡಿ, ಫೋನಿನಲ್ಲಾದರೂ ಫೋಟೊ ತೆಗೆದಿಡಿ. ಏಪ್ರಿಲ್ ತಿಂಗಳ ಚೀಟಿಯಲ್ಲಿ ಡಿಎ ಏರಿದೆಯಾ ನೋಡಿ. ಪಿಎಫ್ ಪಾಸ್‌ಬುಕ್ ಆಗಾಗ ತೆಗೆದು ನೋಡಿ. ಓದದೆ ಯಾವ ಕಾಗದಕ್ಕೂ, ಅದರಲ್ಲೂ ರಾಜೀನಾಮೆಗೆ ಸಹಿ ಹಾಕಬೇಡಿ. ಕೆಲಸದಿಂದ ಬೇಡ ಅಂದರೆ ಅದನ್ನು ಬರಹದಲ್ಲಿ ಕೇಳಿ. ಅದು ಲೇ-ಆಫಾ, ತೆಗೆದಿರುವುದಾ, ಮುಚ್ಚಿರುವುದಾ ಎಂದು ಕೇಳಿ. ಒಂದೊಂದಕ್ಕೂ ಕಾನೂನಿನಲ್ಲಿ ಬೇರೆ ಬೇರೆ ದುಡ್ಡಿದೆ. ಒಬ್ಬರೇ ಕೇಳಬೇಡಿ, ನಾಲ್ಕು ಜನ ಸೇರಿ ಕೇಳಿ.

ಅಕ್ಕನಿಗೆ ಬಾಕಿ ಬಂದಿದ್ದು ಎರಡು ಕಂತಿನಲ್ಲಿ. ಬಂದ ದಿನ ಆ ಹಳೇ ಚೀಟಿ ಹಿಡಿದು ಮತ್ತೆ ಮನೆಗೆ ಬಂದಿದ್ದರು. ಅದನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕಾಪಾಡಿದ್ದರು. ಇಬ್ಬರೂ ಕೂತು ಲೆಕ್ಕ ಹಾಕಿದೆವು, ತಾಳೆಯಾಯಿತು.

"ಬಡ್ಡಿ?" ಅಂದರು.

ಬಡ್ಡಿ ಕೊಟ್ಟಿರಲಿಲ್ಲ. ಅದೇ ಎರಡು ವರ್ಷ ಸಂಘದ ಸಾಲಕ್ಕೆ ಅಕ್ಕ ಒಂದು ಕಂತು ತಪ್ಪಿದರೂ ಬಡ್ಡಿ ಕಟ್ಟಿದ್ದರು.